ಮೂಗಿನ ಮೇಲಿನ ಮೊದಲ ಬಿಳಿ

ಮಧ್ಯಾಹ್ನ ಒಂದೂವರೆಗೆ ಆಟ ಶುರುವಾಗಬೇಕು. ಹನ್ನೆರಡೂವರೆಯಾದರೂ ಬಣ್ಣದ ಕೋಣೆಯಲ್ಲಿ ಒಂದು ಮುಖಕ್ಕೂ ಬಣ್ಣ ಬಿದ್ದಿರಲಿಲ್ಲ.

ತಂಡದ ಮುಖ್ಯಸ್ಥೆ ಫಾಂಗ್ ರುಯ್‌ಲಾನ್ ಬಾಗಿಲಲ್ಲಿ ನಿಂತು ನೋಡಿದಳು. ಹದಿನೆಂಟು ಕನ್ನಡಿ, ಹದಿನೆಂಟು ಬೋಳು ಮುಖ. ಎಲ್ಲರೂ ಹಣೆಗೆ ಪಟ್ಟಿ ಬಿಗಿದು, ಹೆಗಲಿಗೆ ಹಳೇ ಟವೆಲ್ ಹೊದ್ದು, ಬಣ್ಣದ ಬಟ್ಟಲನ್ನು ಮುಂದಿಟ್ಟುಕೊಂಡು, ಪಂಕ್ತಿಯಲ್ಲಿ ಊಟಕ್ಕೆ ಕಾಯುವವರಂತೆ ಸುಮ್ಮನೆ ಕೂತಿದ್ದರು. ಕುಂಚಗಳು ತೊಳೆದಿಟ್ಟ ಹಾಗೇ ಇದ್ದವು.

"ಏನ್ರೋ ಇದು? ಯಾರ ಮನೆ ಸೂತಕ?" ಎಂದಳು.

ರಾಕ್ಷಸ, ಸೇನಾಪತಿ ಮುಂತಾದ ಬಣ್ಣದ ವೇಷಗಳನ್ನು ಕಟ್ಟುವ ದಾಖುಯ್ ಕೆಮ್ಮಿದ. ಆರಡಿ ಆಳು, ರಂಗದ ಮೇಲೆ ಗರ್ಜಿಸಿದರೆ ಹಿಂದಿನ ಸಾಲಿನ ಮಕ್ಕಳು ಅಳುತ್ತಿದ್ದವು. ಈಗ ಅವನ ದನಿ ಕುತ್ತಿಗೆಯಿಂದ ಮೇಲೇ ಬರಲಿಲ್ಲ.

"ಬಿಸಿನೀರು ಬರ್ಲಿ ಅಂತ ಕಾಯ್ತಾ ಇದೀವಿ ಅಕ್ಕ."

"ಬಿಸಿನೀರು ಬಣ್ಣ ತೊಳ್ಯೋಕೆ ಬೇಕು ಕಣೋ, ಹಚ್ಚೋಕಲ್ಲ."

"ಮುಂಚೇನೇ ಕಾಸಿಟ್ರೆ ಒಳ್ಳೇದಲ್ವಾ..."

"ಬಣ್ಣ ಚಳಿಗೆ ಗಟ್ಟಿಯಾಗಿದೆ" ಎಂದಿತು ಇನ್ನೊಂದು ದನಿ. "ನನ್ ಕುಂಚದ ಕೂದ್ಲು ಉದುರ್ತಿದೆ" ಎಂದಿತು ಮತ್ತೊಂದು. ಮೂಲೆಯಲ್ಲಿ ಗಿಟಾರಿನ ಹುಡುಗಿ ಮಿನ್‌ಮಿನ್, ಹೊಸದಾಗಿ ಗುಂಗುರು ಮಾಡಿಸಿಕೊಂಡ ತಲೆಯನ್ನು ಎತ್ತದೆ, ಮುಚ್ಚಳ ತೆಗೆದ ಲಿಪ್‌ಸ್ಟಿಕ್ಕನ್ನು ಬೆರಳ ನಡುವೆ ತಿರುಗಿಸುತ್ತಿದ್ದಳು. ಅವಳಂತೂ ಹಳೇ ನಾಟಕದವಳೇ ಅಲ್ಲ. ತಂಡಕ್ಕೆ ಸೇರಿ ಏಳು ತಿಂಗಳಾಗಿತ್ತು. ನಗರದಿಂದ ತಂದ ಹಾಡುಗಳನ್ನು ಸೊಂಟ ಕುಣಿಸಿ ಹಾಡುವುದು ಅವಳ ಕೆಲಸ. ಅವಳ ತುಟಿಯೂ ಬೋಳಾಗಿತ್ತು.

ಆ ದಿನ ಸಾಮಾನ್ಯ ದಿನವಾಗಿರಲಿಲ್ಲ. ಹೊಸ ವರ್ಷದ ಹಬ್ಬಕ್ಕೆ ಹದಿನಾರು ದಿನ ಉಳಿದಿತ್ತು. ತಾಲೂಕಿನ ದೊಡ್ಡ ಅಧಿಕಾರಿಗಳು ತಂಡದ ಹೊಸ ಕಾರ್ಯಕ್ರಮ ನೋಡಲು ಬರುವವರಿದ್ದರು. ಊರಿಗೆ ಟಿವಿ ಬಂದಿತ್ತು, ಬಸ್ ನಿಲ್ದಾಣದ ಹತ್ತಿರ ವಿಡಿಯೋ ಅಂಗಡಿ ತೆರೆದಿತ್ತು. ಹಳೇ ನಾಟಕ ಅಂದರೆ ಮುದುಕರು ಚಳಿ ತಪ್ಪಿಸಿಕೊಳ್ಳಲು ಬಂದು ನಿದ್ದೆ ಮಾಡುವ ಜಾಗವಾಗಿತ್ತು. ಆದ್ದರಿಂದ ಈ ಸಲ ಆರು ಹೊಸ ಹಾಡು, ಎರಡು ಡಾನ್ಸು, ಕೊನೆಗೆ ಹಳೇ ನಾಟಕದ ಒಂದೇ ಒಂದು ತುಣುಕು. ಅಧಿಕಾರಿಗಳು ತಲೆಯಾಡಿಸಿದರೆ ತಂಡಕ್ಕೆ ಇನ್ನೊಂದು ವರ್ಷ ಸಂಬಳ, ಸಭಾಂಗಣ ಎರಡೂ ಉಳಿಯುತ್ತವೆ. ಇಲ್ಲದಿದ್ದರೆ ಸಭಾಂಗಣ ಹತ್ತಿಯ ಗೋದಾಮು. ಅದರ ಜೊತೆಗೆ ಇನ್ನೊಂದು ಷರತ್ತು: ಮೂವತ್ತೆರಡು ಜನರಲ್ಲಿ ಐವರು ತಂಡ ಬಿಡಬೇಕು. ಆ ಐದು ಹೆಸರುಗಳ ಪಟ್ಟಿ, ರುಯ್‌ಲಾನಳ ಸಹಿಯೊಂದಿಗೆ, ಇವತ್ತೇ ತಂಡದ ಉಸ್ತುವಾರಿಯ ಅಧಿಕಾರಿ ಥಾವ್‌ನ ಚೀಲ ಸೇರಬೇಕು.

ನಾಲ್ಕು ಹೆಸರು ಕಷ್ಟವಾಗಿರಲಿಲ್ಲ. ಅಡುಗೆಯವನಿಗೆ ಸ್ವಂತ ಶಾವಿಗೆ ಅಂಗಡಿ ಇಡುವ ಆಸೆಯಿತ್ತು. ಇಬ್ಬರು ವಾದ್ಯದವರು ತಾವಾಗಿಯೇ ಬಂದು ನಮ್ಮನ್ನು ಬಿಟ್ಟುಬಿಡಿ ಎಂದಿದ್ದರು. ಪರದೆ ಎಳೆಯುವ ಮುದುಕನಿಗೆ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಐದನೆಯ ಹೆಸರು ಬರೆಯಲು ರುಯ್‌ಲಾನಳಿಗೆ ಮೂರು ದಿನ ಹಿಡಿಯಿತು. ಮೂರನೆಯ ದಿನ, ಹಲ್ಲು ಕಿತ್ತಿಸಿಕೊಳ್ಳುವವಳ ಹಾಗೆ ಕಣ್ಣುಮುಚ್ಚಿ ಬರೆದಳು: ಶೆಂಗ್ ಗೆನ್‌ಫಾ, ಹಾಸ್ಯಗಾರ, ವಯಸ್ಸು ಅರವತ್ತೊಂದು.

ವಯಸ್ಸಾಗಿದೆ, ಕಾನೂನಿನ ಪ್ರಕಾರವೇ ನಿವೃತ್ತಿ, ಹೊಸ ಕಾರ್ಯಕ್ರಮದಲ್ಲಿ ಹಾಸ್ಯಗಾರನ ಪಾತ್ರವೇ ಇಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಹೇಳಿಕೊಳ್ಳದ ಇನ್ನೊಂದು ಕಾರಣವೂ ಇತ್ತು. ಬೇರೆ ಯಾರ ಹೆಸರು ಬರೆದರೂ ಅಳು, ಜಗಳ, ಶಾಪ. ಗೆನ್‌ಫಾ ಆದರೆ ನಗುತ್ತಾನೆ. ಎಂಟು ದಿನದ ಹಿಂದೆ ಥಾವ್‌ನ ಮುಂದೆ ಸುದ್ದಿ ಹೇಳಿದಾಗ ಅವನು ನಕ್ಕೂ ಇದ್ದ. "ಪರವಾಗಿಲ್ಲ ಬಿಡಿ. ಜನ ದುಡ್ಡು ಕೊಟ್ಟು ನಗ್ತಿದ್ರು, ಇನ್ಮೇಲೆ ಬೀದೀಲಿ ಪುಕ್ಸಟ್ಟೆ ನಗ್ತಾರೆ" ಎಂದಿದ್ದ. ಹಬ್ಬದವರೆಗೂ ಗೇಟಿನಲ್ಲಿ ಟಿಕೆಟ್ ಹರಿಯಲಿ ಎಂದು ಥಾವ್ ಅವನಿಗೊಂದು ಸ್ಟೂಲು ಹಾಕಿಸಿದ್ದ. ಬಣ್ಣದ ಕೋಣೆಯ ಬಾಗಿಲಿಗೆ ‘ಸಿಬ್ಬಂದಿಗೆ ಮಾತ್ರ’ ಎಂಬ ಹೊಸ ಬೋರ್ಡನ್ನೂ ಹೊಡೆಸಿದ್ದ. ಆಮೇಲಿನ ಮೊದಲ ಆಟ ಇವತ್ತಿನದೇ.

"ಆಟಕ್ಕೆ ಒಂದು ಗಂಟೆ ಕೂಡ ಇಲ್ಲ, ಹಚ್ಕೊಳ್ರೋ!" ಎಂದು ರುಯ್‌ಲಾನ್ ಸಿಡುಕಿದಳು. ಯಾರೂ ಅಲುಗಲಿಲ್ಲ. ತಾನೇ ದಾರಿ ತೋರಿಸೋಣವೆಂದು ಹಣೆಗೆ ಪಟ್ಟಿ ಬಿಗಿದು, ಹೆಗಲಿಗೆ ಟವೆಲ್ ಹೊದ್ದು, ಬಾಗಿಲ ಪಕ್ಕದ ತನ್ನ ಕನ್ನಡಿಯ ಮುಂದೆ ಕೂತು, ಕುಂಚವನ್ನು ಬಿಳಿಗೆ ಅದ್ದಿ, ಕೆನ್ನೆಯ ಹತ್ತಿರ ತಂದಳು.

ಕೈ ಅಲ್ಲೇ ನಿಂತಿತು.

ಆಗ ಅವಳಿಗೆ ಹೊಳೆಯಿತು.

ನಾಟಕದವರಲ್ಲಿ ಒಂದು ಪದ್ಧತಿಯಿದೆ. ಹಾಸ್ಯಗಾರ ತನ್ನ ಮೂಗಿನ ಮೇಲೆ ಮೊದಲ ಬಿಳಿ ಹಚ್ಚುವ ತನಕ ಬೇರೆ ಯಾರೂ ಮುಖಕ್ಕೆ ಕುಂಚ ಮುಟ್ಟಿಸುವಂತಿಲ್ಲ. ರಾಜನ ವೇಷದವನಾಗಲಿ ರಾಣಿಯ ವೇಷದವಳಾಗಲಿ ಕಾಯಬೇಕು. ಯಾವುದೋ ಕಾಲದಲ್ಲಿ ಒಬ್ಬ ಚಕ್ರವರ್ತಿಗೆ ನಾಟಕದ ಹುಚ್ಚು ಹಿಡಿದು, ಅರಮನೆಯ ತೋಟದಲ್ಲಿ ತಾನೇ ಹಾಸ್ಯಗಾರನ ವೇಷ ಕಟ್ಟುತ್ತಿದ್ದನಂತೆ. ಚಕ್ರವರ್ತಿಗಿಂತ ಮೊದಲು ಬಣ್ಣ ಹಚ್ಚುವ ಧೈರ್ಯ ಯಾರಿಗಿದೆ? ಚಕ್ರವರ್ತಿ ಸತ್ತು ಮಣ್ಣಾದ, ಪದ್ಧತಿ ಉಳಿಯಿತು. ವೇಷದ ಪೆಟ್ಟಿಗೆಗಳ ಮೇಲೆ ಕೂರುವ ಹಕ್ಕೂ ಹಾಸ್ಯಗಾರನಿಗೊಬ್ಬನಿಗೇ. ರುಯ್‌ಲಾನ್ ಒಂಬತ್ತು ವರ್ಷದವಳಾಗಿ ತಂಡಕ್ಕೆ ಬಂದ ದಿನ ಕಾಲು ನೋಯುತ್ತದೆಂದು ಪೆಟ್ಟಿಗೆಯ ಮೇಲೆ ಕೂತು, ಗುರುಗಳಿಂದ ಕಪಾಳಕ್ಕೆ ತಿಂದಿದ್ದಳು. ಹತ್ತೊಂಬತ್ತರ ಹುಡುಗ ಗೆನ್‌ಫಾ ಅವಳನ್ನೆತ್ತಿ ತನ್ನ ತೊಡೆಯ ಮೇಲೆ ಕೂರಿಸಿಕೊಂಡು, "ಪೆಟ್ಟಿಗೆ ಮೇಲೆ ನಾನು, ನನ್ ಮೇಲೆ ನೀನು. ಈಗ ಯಾರು ಹೊಡೀತಾರೋ ನೋಡೋಣ" ಎಂದಿದ್ದ. ಅವತ್ತಿನಿಂದ ಅವನು ಅವಳಿಗೆ ಅಣ್ಣ.

ನಲವತ್ತೆರಡು ವರ್ಷ ರುಯ್‌ಲಾನ್ ಒಂದು ಸಲವೂ ಅವನಿಗಿಂತ ಮೊದಲು ಕುಂಚ ಎತ್ತಿರಲಿಲ್ಲ. ಆದರೆ ಐದನೆಯ ಹೆಸರು ಬರೆಯುವಾಗ ಈ ಪದ್ಧತಿ ತಲೆಗೇ ಬಂದಿರಲಿಲ್ಲ. ಪಾತ್ರ ಇಲ್ಲ ಅಂದರೆ ಹಾಸ್ಯಗಾರ ಬೇಡ ಎಂದು ಲೆಕ್ಕ ಹಾಕಿದವಳು ನಾಟಕದವಳಾ, ಇಲ್ಲ ಗುಮಾಸ್ತೆಯಾ? ತನ್ನ ಮೇಲೆ ತನಗೇ ಅಸಹ್ಯವಾಯಿತು.

ಪದ್ಧತಿಗೆ ಸಂಕಟ ಬಂದದ್ದು ಇದೇ ಮೊದಲಲ್ಲ. ಹಿಂದೊಮ್ಮೆ ಹತ್ತು ವರ್ಷ, ಹಳೆಯದೆಲ್ಲ ಪಾಪವೆಂದು ಸಾರಿದ್ದ ಕಾಲದಲ್ಲಿ, ತೋಳಿಗೆ ಕೆಂಪು ಪಟ್ಟಿ ಕಟ್ಟಿದವರು ಬಂದು ಮೊದಲ ಬಿಳಿ ಮೂಢನಂಬಿಕೆ, ಪೆಟ್ಟಿಗೆಯ ಪದ್ಧತಿ ರಾಜರ ಕಾಲದ ಕೊಳೆ ಎಂದರು. ಗೆನ್‌ಫಾನ ತಪ್ಪುಗಳನ್ನು ಬರೆದು ಸಭೆಯಲ್ಲಿ ಓದಬೇಕೆಂದು ರುಯ್‌ಲಾನಳಿಗೆ ಹೇಳಿದರು. ಓದದಿದ್ದರೆ ಅವಳೂ ಅವನ ಪಕ್ಕದಲ್ಲೇ ತಲೆತಗ್ಗಿಸಿ ನಿಲ್ಲಬೇಕು, ಮನೆಯಲ್ಲಿ ಆರು ತಿಂಗಳ ಮಗು. ಅವಳು ಕಾಗದ, ಪೆನ್ಸಿಲ್ ಹಿಡಿದು ಅವನ ಮನೆಗೇ ಹೋಗಿ, ಹೊಸ್ತಿಲಲ್ಲಿ ಕೂತು ಅತ್ತಳು. ಗೆನ್‌ಫಾ ಒಂದು ಬಟ್ಟಲು ಗಂಜಿ ಕುಡಿಸಿ, ತನ್ನ ತಪ್ಪುಗಳನ್ನು ತಾನೇ ಹೇಳಿ ಬರೆಸಿದ. "ಬರ್ಕೋ. ಪೆಟ್ಟಿಗೆ ಮೇಲೆ ಕೂತು ಕಾಲು ಅಲ್ಲಾಡಿಸ್ತಾನೆ ಅಂತ ಸೇರ್ಸು. ರಾಜನ್ನ ನೋಡಿ ಮೂರು ಸಲ ಸೀನ್ತಾನೆ ಅಂತ ಹಾಕು. ಏಯ್, ಅಕ್ಷರ ದುಂಡಗೆ ಬರಿ, ನನ್ ಮರ್ಯಾದೆ ಪ್ರಶ್ನೆ." ಮರುದಿನ ಅವಳು ಓದಿದಳು. ಅವನು ತಲೆತಗ್ಗಿಸಿ ನಿಂತು ಕೇಳಿದ. ಆಮೇಲೆ ಅವನನ್ನು ಸಭಾಂಗಣದ ಹಿತ್ತಲಿನಲ್ಲಿ ಹಂದಿ ಸಾಕುವ ಕೆಲಸಕ್ಕೆ ಹಾಕಿದರು.

ಆ ಕಾಲದ ಹೊಸ ನಾಟಕಗಳಲ್ಲಿ ಹಾಸ್ಯಗಾರನಿರಲಿಲ್ಲ. ಮೊದಲ ಸಂಜೆ ಎಲ್ಲರೂ ಇವತ್ತಿನ ಹಾಗೇ ಕನ್ನಡಿಯ ಮುಂದೆ ಕೂತಿದ್ದರು, ಕುಂಚ ಎತ್ತಲು ಕೈ ಬಾರದೆ. ಆಗ ಹಿಂದಿನ ಕಿಟಕಿಯಾಚೆ ಒಂದು ತಲೆ ಹಾದುಹೋಯಿತು. ಕೈಯಲ್ಲಿ ಕಲಗಚ್ಚಿನ ಬಕೆಟ್, ಹರಕು ಹತ್ತಿಯ ಕೋಟು, ಮೂಗಿನ ಮೇಲೆ ತೋಫು ತುಂಡಿನಂಥ ಒಂದು ಬಿಳಿ ಚೌಕ. ಗೋಡೆಗೆ ಬಳಿಯುವ ಸುಣ್ಣ ಅದು. ಬಣ್ಣ ಎಲ್ಲಿಂದ ಬರಬೇಕು, ಅಕ್ಕಿಹಿಟ್ಟು ಹೊಟ್ಟೆಗೇ ಇರಲಿಲ್ಲ. ಗೆನ್‌ಫಾ ಕಿಟಕಿಯತ್ತ ತಿರುಗಿಯೂ ನೋಡದೆ ಹಂದಿಗಳನ್ನು ಬೈಯುತ್ತ ಹೋದ. ಕಾವಲಿನವನು, "ಈ ಮುದ್ಕ ಸುಣ್ಣದ ಡಬ್ಬದೊಳ್ಗೆ ಮೂಗು ಅದ್ಕೊಂಡ ನೋಡು" ಎಂದು ನಕ್ಕ. ಒಳಗೆ ಎಲ್ಲರೂ ಒಟ್ಟಿಗೆ ಕುಂಚ ಎತ್ತಿದರು.

ಹಾಗೆ ಎಂಟು ವರ್ಷ, ಆಟವಿದ್ದ ಪ್ರತಿ ದಿನವೂ. ಸುಣ್ಣಕ್ಕೆ ಚರ್ಮ ಸುಲಿದು, ಅವನ ಮೂಗಿನ ಮೇಲೆ ಬಿಳಿಚಿದ ಒಂದು ಕಲೆ ಶಾಶ್ವತವಾಗಿ ಉಳಿಯಿತು. ಕಾಲ ಬದಲಾಗಿ ಹಳೇ ವೇಷಗಳು ಪೆಟ್ಟಿಗೆಯಿಂದ ಹೊರಬಂದ ದಿನ ಅವನೂ ಬಾಗಿಲಿಂದ ಒಳಬಂದು ಪೆಟ್ಟಿಗೆಯ ಮೇಲೆ ಕೂತ. ಆ ಕಿಟಕಿಯ ಮಾತನ್ನು ಅವನೂ ಎತ್ತಲಿಲ್ಲ, ಇವರೂ ಎತ್ತಲಿಲ್ಲ.

ರುಯ್‌ಲಾನ್ ಕುಂಚ ಕೆಳಗಿಟ್ಟಳು.

"ಅವ್ನಿಗೆ ಕಾಯ್ತಾ ಇದೀರಿ" ಎಂದಳು.

"ಕಾಯ್ತಾ ಇದೀವಿ" ಎಂದ ದಾಖುಯ್. "ಆ ಕೆಟ್ಟ ಕಾಲದಲ್ಲೇ ಬಂದೋರು ಈಗ ಬರ್ಲಿಲ್ಲ ಅಕ್ಕ. ಕೋಪ ಬಂದಿರ್ಬೇಕು. ಬರೋದು ನ್ಯಾಯಾನೇ."

"ನೀನ್ಯಾಕಮ್ಮ ಕೂತಿದೀಯ?" ಎಂದು ರುಯ್‌ಲಾನ್ ಮಿನ್‌ಮಿನ್‌ಳನ್ನು ಕೇಳಿದಳು. "ನಿನ್ ಲಿಪ್‌ಸ್ಟಿಕ್ಕಿಗೂ ಪದ್ಧತಿನಾ?"

ಮಿನ್‌ಮಿನ್ ಕೆಂಪಾದಳು. "ಮೊದಲ್ನೇ ದಿನ ನಾನು ಹಚ್ಕೊಂಡ್ಬಿಟ್ಟಿದ್ದೆ. ಗೆನ್‌ಫಾ ಮೇಷ್ಟ್ರು ಬೈಲಿಲ್ಲ. ಪಾಪ, ತಾವೇ ಓಡ್ಬಂದು ಗಬಗಬ ಅಂತ ಮೂಗಿಗೆ ಬಳ್ಕೊಂಡು, ‘ನೋಡಿ, ನಾನೇ ಮೊದ್ಲು, ಈ ಹುಡ್ಗಿ ಆಮೇಲೆ’ ಅಂದ್ರು. ಯಾರೂ ನನ್ನ ಬೈಬಾರ್ದು ಅಂತ."

ಅಷ್ಟರಲ್ಲಿ ಥಾವ್ ಗಡಿಯಾರ ತಟ್ಟುತ್ತ ನುಗ್ಗಿದ. ಮೂವತ್ತನಾಲ್ಕರ ಯುವಕ, ಕೆಟ್ಟವನಲ್ಲ, ಆದರೆ ಜೇಬಿನಲ್ಲಿ ಎರಡು ಪೆನ್ನು ಇಟ್ಟುಕೊಂಡವರಿಗೆ ಇರುವ ಅವಸರವೆಲ್ಲ ಅವನಿಗಿತ್ತು.

"ಇದೇನ್ ಅಕ್ಕ! ಹತ್ತು ನಿಮಿಷಕ್ಕೆ ಸಾಹೇಬರ ಕಾರು ಬರುತ್ತೆ. ಮುಷ್ಕರ ಹೂಡಿದೀರಾ?"

"ಹಾಸ್ಯಗಾರ ಬಂದಿಲ್ಲ."

"ಹಾಸ್ಯಗಾರ ಈ ಕಾರ್ಯಕ್ರಮದಲ್ಲೇ ಇಲ್ವಲ್ಲ!"

"ಅದೇ ತೊಂದರೆ" ಎಂದು ರುಯ್‌ಲಾನ್ ಎದ್ದಳು. "ಸಾಹೇಬರಿಗೆ ಟೀ ಕೊಡ್ಸಿ, ಸೊಪ್ಪಿನ ಗರಿಗರಿ ರೊಟ್ಟಿ ತರ್ಸಿ. ಬಿಸಿಬಿಸಿ ತಿಂತಾ ಇದ್ರೆ ಗಡಿಯಾರ ನೋಡಲ್ಲ."

ಬೋಳು ಮುಖದಲ್ಲೇ, ಹೆಗಲ ಟವೆಲಿನಲ್ಲೇ, ಜನ ನೋಡುತ್ತಿದ್ದಾರೆಂಬ ಪರಿವೆಯಿಲ್ಲದೆ ಅವಳು ಗೇಟಿಗೆ ಓಡಿದಳು. ಏನು ಹೇಳಬೇಕು? ಕಾಲಿಗೆ ಬೀಳುವುದಾ? ಬಿದ್ದರೆ ಅವನು ‘ಬೂಟಿನ ದಾರ ಬಿಚ್ಚಿದೆ, ಹಾಗೇ ಕಟ್ಟಿಬಿಡು’ ಅನ್ನುತ್ತಾನೆ. ಅನ್ನಲಿ. ಏನಾದರೂ ಅನ್ನಲಿ, ಅಷ್ಟೇ ಸಾಕು.

ಸ್ಟೂಲಿನ ಮೇಲೆ ಗೆನ್‌ಫಾ ಇರಲಿಲ್ಲ. ಅಡುಗೆಯವನ ಹೆಂಡತಿ ಕೂತು ಟಿಕೆಟ್ ಹರಿಯುತ್ತಿದ್ದಳು.

"ಅವ್ರಾ? ಹನ್ನೆರಡಕ್ಕೇ ಎದ್ದು ಹೋದ್ರಲ್ಲ. ಒಂದ್ ಗಳಿಗೆ ನೋಡ್ಕೋ ಅಂದ್ರು, ಒಂದ್ ಗಂಟೆ ಆಗ್ತಾ ಬಂತು."

"ಮನೆಗಾ?"

"ಇಲ್ಲಪ್ಪ, ಹಿತ್ತಲ ಕಡೆಗೆ. ಕೈಲಿ ಬಕೆಟ್ ಬೇರೆ. ಈಗ ಹಂದಿ ಎಲ್ಲಿವೆ ಇಲ್ಲಿ?"

ರುಯ್‌ಲಾನ್ ಹಿತ್ತಲ ಕಡೆ ಓಡಿದಳು. ಹೋದ ವಾರ ಅವಳೇ ನಿಂತು ಆ ಹಿಂದಿನ ಕಿಟಕಿಗೆ ದಪ್ಪ ನೀಲಿ ಕಾಗದ ಅಂಟಿಸಿದ್ದಳು. ಡಾನ್ಸಿನ ಹುಡುಗಿಯರ ಲಂಗ ಚಿಕ್ಕದು, ಹಿತ್ತಲ ಗೋಡೆ ಹತ್ತಿ ಬೀದಿಯ ಪುಂಡರು ಇಣುಕುತ್ತಾರೆ, ಚಳಿಗಾಳಿ ಬೇರೆ ಎಂದು. ಗೋಂದು ಬಳಿಯುವಾಗ ಮೂಲೆ ಮೂಲೆಯನ್ನೂ ಕೈಯಿಂದ ಒತ್ತಿದ್ದಳು.

ಹಿತ್ತಲಲ್ಲಿ ಚಳಿಗಾಲಕ್ಕೆ ಒಣಹಾಕಿದ ಸಾಸಿವೆ ಸೊಪ್ಪು ಹಗ್ಗದ ತುಂಬ ತೂಗುತ್ತಿತ್ತು. ಅದರ ಕೆಳಗೆ, ನೀಲಿ ಕಾಗದದ ಕಿಟಕಿಗೆ ನಾಲ್ಕು ಹೆಜ್ಜೆ ದೂರದಲ್ಲಿ, ಮಗುಚಿ ಹಾಕಿದ ಬಕೆಟ್ಟಿನ ಮೇಲೆ ಗೆನ್‌ಫಾ ಕೂತಿದ್ದ. ಮೊಣಕಾಲು ತಿಕ್ಕಿಕೊಳ್ಳುತ್ತಿದ್ದ. ಮೂಗಿನ ಮೇಲೆ ಬಿಳಿ ಚೌಕ, ಅಚ್ಚುಕಟ್ಟಾಗಿ, ಈ ಸಲ ನಿಜವಾದ ಬಣ್ಣದ್ದು.

ಅವಳನ್ನು ಕಂಡು ಅವನು ಎದ್ದು ನಿಂತ. ನಗಲಿಲ್ಲ. ನಗದ ಗೆನ್‌ಫಾನ ಮುಖವನ್ನು ರುಯ್‌ಲಾನ್ ಅಷ್ಟು ಹತ್ತಿರದಿಂದ ನೋಡಿಯೇ ಇರಲಿಲ್ಲ.

"ಏಳ್ ಸಲ ಓಡಾಡ್ದೆ" ಎಂದ. "ಏಳ್ ಸಲ. ಒಳ್ಗಿಂದ ಒಂದು ಕೆಮ್ಮೂ ಇಲ್ಲ. ಆಯ್ತು ಬಿಡು, ಎಲ್ರೂ ಹಚ್ಕೊಂಡಿರ್ತಾರೆ, ಹೊಸಕಾಲ, ಈ ಮುದ್ಕನ ಮೂಗು ಯಾರಿಗೆ ಬೇಕು ಅಂದ್ಕೊಂಡೆ. ಎದ್ದು ಹೋಗೋಣ ಅಂದ್ರೆ ಮಂಡಿ ಏಳ್ಲಿಲ್ಲ."

"ಅಣ್ಣ..."

"ಕಾಗದ ಅಂಟ್ಸಿದ್ದು ಯಾರು?"

"ನಾನು."

"ನನಗೋಸ್ಕರಾನಾ?"

"ಅಯ್ಯೋ ಇಲ್ಲ! ಹುಡ್ಗೀರು ಬಟ್ಟೆ ಬದ್ಲಾಯ್ಸೋಕೆ... ಅಣ್ಣ, ನನ್ ಮುಖ ನೋಡು. ಇಲ್ನೋಡು. ಬಣ್ಣ ಇದ್ಯಾ?"

ಗೆನ್‌ಫಾ ಅವಳ ಬೋಳು ಮುಖವನ್ನು, ಹಣೆಯ ಪಟ್ಟಿಯನ್ನು, ಹೆಗಲ ಟವೆಲನ್ನು ಆಗ ನೋಡಿದ.

"ಒಳ್ಗೆ ಹದಿನೆಂಟು ಮುಖ ಹೀಗೇ ಕೂತಿವೆ. ಒಬ್ರೂ ಮುಟ್ಟಿಲ್ಲ. ಆ ಮಿನ್‌ಮಿನ್ ಕೂಡ ತುಟಿ ಒಣಗಿಸ್ಕೊಂಡು ಕೂತಿದಾಳೆ. ನೀನು ಬರ್ಲಿಲ್ಲ ಅಂತ ಅವ್ರು ಒಳ್ಗೆ, ನಾವು ಕಾಯ್ಲಿಲ್ಲ ಅಂತ ನೀನು ಹೊರ್ಗೆ. ನಡುವೆ ನನ್ ಕಾಗದ."

ಗೆನ್‌ಫಾ ತಲೆ ತಿರುಗಿಸಿ ಹಗ್ಗದ ಮೇಲಿನ ಸೊಪ್ಪನ್ನು ಬಹಳ ಮುಖ್ಯವಾದದ್ದೇನೋ ಎಂಬಂತೆ ದಿಟ್ಟಿಸಿದ.

"ತಪ್ಪಾಯ್ತು" ಎಂದಳು ರುಯ್‌ಲಾನ್. "ಕಾಗದಕ್ಕಲ್ಲ. ಪಟ್ಟಿಗೆ."

"ಪಟ್ಟೀಲಿ ತಪ್ಪೇನಿದೆ? ಅರವತ್ತೊಂದು ಆಗಿದೆ. ಮಂಡಿ ಹೋಗಿದೆ. ನಾನೇ ಮುಖ್ಯಸ್ಥ ಆಗಿದ್ರೂ ನನ್ನೇ ತೆಗೀತಿದ್ದೆ."

"ಹಾಗಾದ್ರೆ ಕೋಪ ಯಾಕೆ?"

"ಕೋಪ ಅಲ್ಲ ಕಣೇ." ಅವನ ದನಿ ಸಣ್ಣಗಾಯಿತು. "ಆಗ, ಆ ಕೆಟ್ಟ ಕಾಲದಲ್ಲಿ, ಕಾಗದ ಹಿಡ್ಕೊಂಡು ನನ್ ಹೊಸ್ಲಿಗೆ ಬಂದೆ. ಅತ್ತೆ. ಏನ್ ಬರೀಲಿ ಅಣ್ಣ ಅಂದೆ. ಇಬ್ರೂ ಕೂತು ಬರೆದ್ವಿ. ನಿಜ ಹೇಳ್ತೀನಿ, ಅವತ್ತು ನಂಗೆ ನೋವಾಗ್ಲಿಲ್ಲ. ಈಗ ಕಾಲ ಚೆನ್ನಾಗಿದೆ, ಯಾರ್ ಭಯಾನೂ ಇಲ್ಲ, ನೀನು ಒಬ್ಳೇ ಕೂತು ಬರ್ದೆ. ಆ ಎರಡು ಪೆನ್ನಿನ ಹುಡ್ಗನ್ನ ಪಕ್ಕದಲ್ಲಿ ಕೂರಿಸ್ಕೊಂಡು ನಂಗೆ ಹೇಳ್ದೆ. ನನ್ ಹತ್ರ ಬಂದು ಅಳ್ಲೂ ಇಲ್ಲ."

ರುಯ್‌ಲಾನ್ ಹೆಗಲ ಟವೆಲಿನ ತುದಿ ಹಿಂಡಿದಳು. "ಕೇಳಿದ್ರೆ ನನ್ ಹೆಸ್ರೇ ಬರಿ ಅಂತಿದ್ದೆ ನೀನು. ಅದಕ್ಕೇ ಕೇಳ್ಲಿಲ್ಲ."

"ಹೂಂ. ಅಂತಿದ್ದೆ. ಅನ್ನೋಕಾದ್ರೂ ಬಿಡ್ಬೇಕಿತ್ತು."

ಅವಳು ತಿರುಗಿ ಕಿಟಕಿಯ ಮರದ ಚೌಕಟ್ಟಿಗೆ ಎರಡೂ ಮುಷ್ಟಿಯಿಂದ ಗುದ್ದಿದಳು. "ದಾಖುಯ್! ಏ ದಾಖುಯ್! ಕಾಗದ ಕೀಳೋ! ಕಿತ್ತಾಕೋ ಅದನ್ನ!"

ಒಳಗೆ ಕುರ್ಚಿಗಳು ಸರಿದ ಸದ್ದಾಯಿತು. ಪರ್ರನೆ ನೀಲಿ ಕಾಗದ ಮೇಲಿನಿಂದ ಕೆಳಗೆ ಸೀಳಿತು. ಗಾಜಿನ ಹಿಂದೆ ದಾಖುಯ್‌ನ ಅಗಲ ಮುಖ, ಅವನ ತೋಳಿನ ಸಂದಿಯಿಂದ ಮಿನ್‌ಮಿನ್‌ಳ ಗುಂಗುರು ತಲೆ, ಹಿಂದೆ ಇನ್ನುಳಿದವರೆಲ್ಲ. ಯಾವ ಮುಖದಲ್ಲೂ ಒಂದು ಚುಕ್ಕೆ ಬಣ್ಣವಿಲ್ಲ.

ಗೆನ್‌ಫಾ ಅವರನ್ನು ನೋಡಿದ. ಒಬ್ಬೊಬ್ಬರನ್ನೂ ನೋಡಿದ. ಆಮೇಲೆ ಬಗ್ಗಿ ಬಕೆಟ್ ಎತ್ತಿಕೊಂಡು, ಕೋಟಿನ ಕಾಲರು ಮೇಲೆಳೆದು, ಎಂಟನೆಯ ಸಲ ನಡೆದ. ಕಿಟಕಿಯತ್ತ ತಿರುಗಲಿಲ್ಲ. "ಹೋಯ್ ಕಪ್ಪು ಬಾಲದವ್ನೇ, ನಿನ್ ಹೊಟ್ಟೆ ಸುಡ್ಲಿ!" ಎಂದು ಅಲ್ಲಿಲ್ಲದ ಹಂದಿಯನ್ನು ಬೈದ. ಮಂಡಿ ಕೈಕೊಟ್ಟಲ್ಲಿ ಅದನ್ನೇ ಒಂದು ಕುಣಿತ ಮಾಡಿಕೊಂಡು, ಸೊಪ್ಪಿನ ಹಗ್ಗದ ಕೆಳಗೆ ನುಸುಳಿ, ಕಿಟಕಿಯ ಈ ತುದಿಯಿಂದ ಆ ತುದಿಗೆ ಹೋದ.

ಒಳಗೆ ಹದಿನೆಂಟು ಕೈಗಳು ಒಟ್ಟಿಗೆ ಕುಂಚ ಎತ್ತಿದವು. ಹಳಬರು ಕೆಲವರು ಅಳುತ್ತಲೇ ಬಿಳಿ ಬಳಿದುಕೊಂಡರು. ಯಾಕೆಂದು ತಿಳಿಯದ ಹೊಸಬರು ಅವರನ್ನು ನೋಡಿ ಮೂಗೆಳೆದರು.

"ಸರಿ, ನಾನಿನ್ನು ಗೇಟಿಗೆ" ಎಂದು ಗೆನ್‌ಫಾ ಬಕೆಟ್ ಕೆಳಗಿಟ್ಟ.

"ಗೇಟಿಗೂ ಇಲ್ಲ, ಗೀಟಿಗೂ ಇಲ್ಲ. ಬಾ ಇಲ್ಲಿ." ರುಯ್‌ಲಾನ್ ಅವನ ತೋಳು ಹಿಡಿದು, ಸಭಾಂಗಣ ಸುತ್ತಿಸಿ, ‘ಸಿಬ್ಬಂದಿಗೆ ಮಾತ್ರ’ ಬೋರ್ಡಿನ ಬಾಗಿಲಿಂದ ಒಳಗೆ ಕರೆತಂದು ದೊಡ್ಡ ವೇಷದ ಪೆಟ್ಟಿಗೆಯ ಮೇಲೆ ಕೂರಿಸಿದಳು. ಕೂತ ಕೂಡಲೇ ಅವನು ಕಾಲು ಅಲ್ಲಾಡಿಸಿದ. ಕೋಣೆಯಲ್ಲಿ ಯಾರೋ ಕಿಸಕ್ಕೆಂದರು.

ಥಾವ್ ಮತ್ತೆ ನುಗ್ಗಿದ. ಎಲ್ಲರೂ ಬಣ್ಣ ಹಚ್ಚುತ್ತಿರುವುದನ್ನು ಕಂಡು ಉಸಿರು ಬಿಟ್ಟ. ಪೆಟ್ಟಿಗೆಯ ಮೇಲಿನವನನ್ನು ಕಂಡು ಮತ್ತೆ ಉಸಿರು ಹಿಡಿದ.

"ಇವ್ರು ಇಲ್ಲಿ ಹೇಗೆ? ಅಕ್ಕ, ಪಟ್ಟಿ ಎಲ್ಲಿ? ಸಾಹೇಬರು ಕೇಳ್ತಿದಾರೆ."

"ಪಟ್ಟಿ ಇನ್ನೂ ಮುಗಿದಿಲ್ಲ" ಎಂದಳು ರುಯ್‌ಲಾನ್. ಜೇಬಿನಿಂದ ಕಾಗದ ತೆಗೆದು, ಥಾವ್‌ನ ಜೇಬಿನ ಒಂದು ಪೆನ್ನನ್ನು ಕೇಳದೆಯೇ ಎತ್ತಿಕೊಂಡು, ಎಲ್ಲರೆದುರು, ಐದನೆಯ ಹೆಸರಿನ ಮೇಲೆ ಗೀಟು ಹಾಕಿದಳು. ಪೆಟ್ಟಿಗೆಯ ಬುಡದಲ್ಲಿ, ನೆಲದ ಮೇಲೆ, ಕಾಗದವನ್ನು ಮಂಡಿಯ ಮೇಲಿಟ್ಟುಕೊಂಡು ಕೂತಳು. ತಂಡದ ಮುಖ್ಯಸ್ಥೆ ಹಾಗೆ ಕೂತದ್ದನ್ನು ಥಾವ್ ಕಂಡಿರಲಿಲ್ಲ.

"ಹೇಳಣ್ಣ. ಏನ್ ಬರೀಲಿ?"

ಕೋಣೆಯಲ್ಲಿ ಕುಂಚಗಳು ನಿಂತವು. ಗೆನ್‌ಫಾ ಅವಳ ನೆತ್ತಿಯನ್ನೇ ನೋಡುತ್ತ ಕೂತ. ನರೆತ ಬೈತಲೆ. ಒಂಬತ್ತು ವರ್ಷದ ಹುಡುಗಿಯದಾಗಿದ್ದಾಗ ಅವನೇ ಎಷ್ಟೋ ಸಲ ಬಾಚಿದ್ದ ತಲೆ ಅದು.

"ಯಾರ್ ಹೆಸ್ರು ಹೇಳಿದ್ರೂ ಬರೀತೀಯಾ?"

"ಬರೀತೀನಿ. ನನ್ ಹೆಸ್ರು ಹೇಳಿದ್ರೂ."

"ನಿನ್ ಹೆಸ್ರು ಯಾಕೆ? ನೀನ್ ಹೋದ್ರೆ ಈ ಕತ್ತೆಗಳ್ನ ಬೈಯೋರ್ಯಾರು?" ಅವನು ಗಂಟಲು ಸರಿಮಾಡಿಕೊಂಡ. "ಬರ್ಕೋ. ಐದನೇದು. ಶೆಂಗ್ ಗೆನ್‌ಫಾ, ಹಾಸ್ಯಗಾರ."

"ಅಣ್ಣ..."

"ಕೇಳ್ದೆ ಅಲ್ವಾ, ಈಗ ಬರಿ. ಅಕ್ಷರ ದುಂಡಗಿರ್ಲಿ."

ಅವಳು ಬರೆದಳು.

"ಅದರ್ ಕೆಳ್ಗೆ ಇನ್ನೊಂದು ಸಾಲು. ಸದರಿ ಗೆನ್‌ಫಾ ಜೀವ ಇರೋ ತನಕ, ಪ್ರತಿ ಆಟಕ್ಕೂ ಬಂದು ಮೊದ್ಲ ಬಿಳಿ ಹಚ್ಚೋದು. ಪೆಟ್ಟಿಗೆ ಮೇಲೆ ಕೂರೋದು. ಸಂಬಳ ಬೇಡ. ಟೀ ಬೇಕು. ಬರೆದ್ಯಾ?"

"ಬರ್ದೆ."

"ಒಂದು ಬಿಟ್ಟೆ." ಅವನು ತಡೆದ. ಮುಂದಿನ ಮಾತು ಹೇಳುವಾಗ ಅವನ ಕಾಲು ಅಲ್ಲಾಡುತ್ತಿರಲಿಲ್ಲ. "ಬಾಗಿಲಿಂದ ಬರೋದು."

ರುಯ್‌ಲಾನ್ ಅದನ್ನೂ ಬರೆದಳು. ಅಕ್ಷರ ದುಂಡಗಾಗಲಿಲ್ಲ.

ಕಾಗದ ಕೈಗೆ ಬಂದಾಗ ಥಾವ್ ತಲೆ ಕೆರೆದುಕೊಂಡ. ಇಂಥದ್ದಕ್ಕೆ ಕಚೇರಿಯಲ್ಲಿ ನಮೂನೆಯೇ ಇಲ್ಲ, ಮೇಲಿನವರು ಕೇಳಿದರೆ ಏನು ಹೇಳಲಿ ಎಂದು ಗೊಣಗಿದ. ಹೊರಗೆ ಸಾಹೇಬರ ಕೆಮ್ಮು ಕೇಳಿಸಿತು. ಕೋಣೆಯೊಳಗೆ ಅರ್ಧ ಬಣ್ಣದ ಹದಿನೆಂಟು ಮುಖಗಳು ಅವನನ್ನೇ ನೋಡುತ್ತಿದ್ದವು. ಸೇನಾಪತಿಯಾಗಲು ಒಂದು ಹುಬ್ಬು ಮಾತ್ರ ಬರೆದುಕೊಂಡಿದ್ದ ದಾಖುಯ್ ಒಂದು ಹೆಜ್ಜೆ ಮುಂದೆ ಬಂದ. ಥಾವ್ ಉಳಿದಿದ್ದ ಇನ್ನೊಂದು ಪೆನ್ನು ತೆಗೆದು ಸಹಿ ಹಾಕಿದ. ಹಾಕಿದ ಮೇಲೆ ಬಾಗಿಲ ಹತ್ತಿರ ಹೋಗಿ, ಆ ಬೋರ್ಡನ್ನು ಒಂದು ಕ್ಷಣ ನೋಡಿ, ಮೊಳೆ ಸಡಿಲಿಸಿ ಕಂಕುಳಲ್ಲಿ ಇಟ್ಟುಕೊಂಡು ಹೋದ. ಅದೊಂದು ಕೆಲಸಕ್ಕೆ ರುಯ್‌ಲಾನ್ ಅವನ ಎಲ್ಲ ಅವಸರವನ್ನೂ ಕ್ಷಮಿಸಿದಳು.

ಮಿನ್‌ಮಿನ್ ಲಿಪ್‌ಸ್ಟಿಕ್ ಬಳಿದುಕೊಂಡು, ಗಿಟಾರ್ ಎತ್ತಿಕೊಂಡು, "ಹೋಗ್ಬರ್ತೀನಿ ಮೇಷ್ಟ್ರೇ" ಎಂದು ಓಡಿದಳು. ಪರದೆ ಸರಿದ ಸದ್ದು, ಚಪ್ಪಾಳೆ, ಆಮೇಲೆ ಗೋಡೆ ನಡುಗಿಸುವ ಗಿಟಾರು. "ಅಬ್ಬಬ್ಬ, ಹಂದಿ ಕೊಯ್ದ ಹಾಗಿದೆ" ಎಂದ ಗೆನ್‌ಫಾ, ತಾಳಕ್ಕೆ ಸರಿಯಾಗಿ ಕಾಲು ಅಲ್ಲಾಡಿಸುತ್ತ.

ರುಯ್‌ಲಾನ್ ಇನ್ನೂ ನೆಲದ ಮೇಲೇ ಕೂತಿದ್ದಳು. ಪೆಟ್ಟಿಗೆಗೆ ಒರಗಿದ್ದ ಅವಳ ಬೆನ್ನು ನಡುಗುತ್ತಿದ್ದದ್ದು ಮೇಲೆ ಕೂತವನಿಗೆ ತಿಳಿಯಿತು.

"ಅಳ್ಬೇಡ ಕಣೆ. ಬಣ್ಣ ಕೆಡುತ್ತೆ."

"ಇನ್ನೂ ಹಚ್ಚೇ ಇಲ್ಲ ಅಣ್ಣ."

"ಹೌದಲ್ಲ." ಗೆನ್‌ಫಾ ಹೆಗಲಿನಿಂದ ಜಾರಿದ್ದ ಅವಳ ಟವೆಲನ್ನು ಎಳೆದು ಸರಿಯಾಗಿ ಹೊದಿಸಿದ. "ಹಾಗಾದ್ರೆ ಈಗ್ಲೇ ಅತ್ಬಿಡು. ನಿನ್ ಪ್ರವೇಶಕ್ಕೆ ಇನ್ನೂ ಮುಕ್ಕಾಲು ಗಂಟೆ ಇದೆ."

ಅವಳು ಅತ್ತಳು.